ಬಚ್ಚಲ ಹಿಂದೆ ಹುಟ್ಟಿದ ನೀರು

ಯಲ್ಲಾಪುರ
ಸೋಮವಾರ, ೧೯ ಮೇ ೨೦೨೫

ಪ್ರೀತಿಯ ದೇವಕಿ ಅಕ್ಕಯ್ಯನಿಗೆ ತಮ್ಮ ಮನೋಹರನ ನಮಸ್ಕಾರ.

ಅಭಿಜ್ಞಾ ಹೇಗಿದ್ದಾಳೆ? ಹೊಲಿಗೆ ಹಾಕಿದ ಕಡೆ ನೋವು ಕಡಿಮೆಯಾಯಿತೇ? ಕೂಸು ಕುಡಿದ ಹಾಲನ್ನೆಲ್ಲ ಕಕ್ಕುತ್ತದೆ ಎಂದಿದ್ದೆಯಲ್ಲ, ಈಗ ಸರಿಹೋಯಿತೇ? ನಿನ್ನ ಸೊಂಟನೋವನ್ನು ಅಲ್ಲಿ ಯಾರೂ ಕೇಳಿರಲಿಕ್ಕಿಲ್ಲ, ಬಾಣಂತಿ ಇರುವ ಮನೆಯಲ್ಲಿ ಅಜ್ಜಿಗೆ ಸೊಂಟ ಇರುವುದೇ ಇಲ್ಲ. ಅದಕ್ಕೇ ನಾನು ಕೇಳುತ್ತಿದ್ದೇನೆ. ರಾಜೀವಿ ಕಟ್ಟಿಕೊಂಡ ಗಂಡನ ಕೈಗೆ ಒಂದೂ ಕೊಡದೆ ಅಂಟಿನ ಉಂಡೆಯನ್ನೆಲ್ಲ ಡಬ್ಬಿಗೆ ತುಂಬಿದ್ದಾಳೆ. ಹುಬ್ಬಳ್ಳಿ ಬಸ್ಸಿನ ಡ್ರೈವರ್ ದರ್ಶನ ಡಬ್ಬಿಯನ್ನೂ ಈ ಪತ್ರವನ್ನೂ ತಂದುಕೊಡುತ್ತಾನೆ. ಫೋನ್ ಇರುವಾಗ ಪತ್ರ ಯಾಕೆ ಎಂದು ನಗಬೇಡ. ಫೋನ್ ಬಂದ ಕೂಡಲೇ ಸ್ಪೀಕರ್ ಹಾಕುವವಳು ನೀನು. ಇದು ಹಸಿ ಬಾಣಂತಿಯ ಕಿವಿಗೆ ಬೀಳಬಾರದು. ಒಬ್ಬಳೇ ಕುಳಿತು ಓದು.

ಮನೆ ಮಾರಾಟದ ವಿಷಯ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಮನೆ ಮಾರಿ ನೋಡು ಎಂದು ಯಾಕೆ ಸೇರಿಸಲಿಲ್ಲವೋ. ಈ ದಲ್ಲಾಳಿ ಕೆಲಸದಲ್ಲಿ ಊರಿನ ಎಷ್ಟೋ ಮನೆಗಳನ್ನು ಮಾರಿಸಿದ್ದೇನೆ, ಅಕ್ಕನ ಮನೆಯನ್ನೂ ಮಾರಿಸಬೇಕಾಗುತ್ತದೆ ಎಂದುಕೊಂಡಿರಲಿಲ್ಲ. ಪೇಟೆಯಲ್ಲಿ ಒಂದು ಸಣ್ಣ ಮನೆ ಸಾಕು, ಘಟ್ಟದ ಬುಡದಲ್ಲಿ ಇನ್ನು ಆಗುವುದಿಲ್ಲ ಎಂದು ಹಟ ಹಿಡಿದವಳು ನೀನು. ಭಾವ ತಮ್ಮ ಅಜ್ಜ ಕಟ್ಟಿಸಿದ ಮನೆಯೆಂದು ಮೊದಲು ಗೊಣಗಿದರೂ ಕೊನೆಗೆ ಒಪ್ಪಿದರು. ಗಿರಾಕಿ ಸಿಕ್ಕಿದ್ದಾನೆಂದು ಹಿಂದೆಯೇ ಹೇಳಿದ್ದೆ: ಇಲ್ಲಿ ಹೆದ್ದಾರಿಯ ಬದಿಯಲ್ಲಿ ಟೈರಿನ ಅಂಗಡಿ ಇಟ್ಟಿರುವ ಹಾವೇರಿ ಕಡೆಯ ಸುಭಾಷ್. ಹೆಂಡತಿ ದಾಕ್ಷಾಯಿಣಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಬಾಯಿತುಂಬ ಮಾತಾಡುವ ಒಳ್ಳೆಯ ಜನ. ಅವರು ಮನೆಗಿಂತ ಹೆಚ್ಚು ಮೆಚ್ಚಿದ್ದು ನೀರನ್ನು. ಸುಭಾಷ್ ನಲ್ಲಿಯ ಕೆಳಗೆ ಕೈ ಒಡ್ಡಿ, "ಮೋಟಾರ್ ಇಲ್ದ ನೀರು ಬರತೈತಂದ್ರ ಇದು ಸ್ವರ್ಗನ ಬಿಡ್ರಿ" ಎಂದ. ನೀರಿಗಾಗಿ ಕೊಡ ಹೊತ್ತು ಬೆಳೆದವನು, ಅವನನ್ನು ತಪ್ಪು ಹೇಳುವಂತಿಲ್ಲ.

ನೀನು ಹುಬ್ಬಳ್ಳಿಗೆ ಹೋದ ಮೇಲೆ ಬಚ್ಚಲ ಹಿಂದೆ, ಗುಡ್ಡ ಕಡಿದ ಧರೆಯ ಬುಡದಲ್ಲಿ ಹೊಸ ನೀರು ಹುಟ್ಟಿತು. ಇದನ್ನು ಭಾವ ನಿನಗೆ ಫೋನಿನಲ್ಲಿ ಸಂಭ್ರಮದಿಂದ ಹೇಳಿಯೇ ಇರುತ್ತಾರೆ. ಕಡು ಬೇಸಿಗೆಯಲ್ಲಿ ಮನೆಯ ಹಿಂದೆ ಗಂಗೆ ಉಕ್ಕಿದರೆ ನಮ್ಮ ಕಡೆ ಏನು ಮಾಡುತ್ತಾರೋ ಅದನ್ನೇ ಮಾಡಿದರು: ಭಟ್ಟರನ್ನು ಕರೆಸಿ ಗಂಗಾಪೂಜೆ, ಧರೆಗೆ ಅರಿಸಿನ ಕುಂಕುಮ, ನೀರಿಗೆ ಹಸಿರು ಬಳೆ, ರವಿಕೆ ಕಣ. ನಾನೂ ಹೋಗಿ ಕೈಮುಗಿದೆ, ಪಾಯಸ ಎರಡೆರಡು ಸಲ ಹಾಕಿಸಿಕೊಂಡೆ, ಅಲ್ಲಿಂದಲೇ ಸುಭಾಷನಿಗೆ ವಿಡಿಯೋ ಕಳಿಸಿ, ನೋಡಿ, ನಿಮ್ಮ ಕಾಲ್ಗುಣಕ್ಕೆ ಗಂಗೆಯೇ ಬಂದಿದ್ದಾಳೆ ಎಂದು ಹೊಗಳಿದೆ. ಗುಡ್ಡದ ಮೇಲಿನ ಹಳೆಯ ಅಬ್ಬಿಯ ಒರತೆ ಅದೇ ವಾರ ಬತ್ತಿಹೋಗಿದ್ದನ್ನು ಯಾರೂ ನೋಡಲಿಲ್ಲ. ನಾನೂ ನೋಡಲಿಲ್ಲ.

ಆಮೇಲೆ ಬಚ್ಚಲ ಬಾಗಿಲು ಕಚ್ಚಿಕೊಂಡಿತು. ಮನೆ ತೋರಿಸುವ ಮೊದಲು ಬಾಗಿಲಿನ ಅಂಚು ಉಜ್ಜಿಸುವುದು, ಗೋಡೆಯ ಬಿರುಕಿಗೆ ಸಿಮೆಂಟು ಮೆತ್ತಿ ಸುಣ್ಣ ಬಳಿಯುವುದು ನಮ್ಮ ಕಸುಬಿನ ನಿತ್ಯಕರ್ಮ. ಬಡಗಿಯನ್ನು ಕರೆದೊಯ್ದು ಉಜ್ಜಿಸಿದೆ. ಮುಂದಿನ ವಾರ ಹೋದರೆ ಮತ್ತೆ ಕಚ್ಚಿದೆ, ಮತ್ತೆ ಉಜ್ಜಿಸಿದೆ. ಮೊನ್ನೆ ಹೋದಾಗ ಬಾಗಿಲು ತೆರೆಯಲೇ ಇಲ್ಲ. ಬಡಗಿ ಚೌಕಟ್ಟನ್ನು ನೋಡಿ ಉಳಿಯನ್ನು ಚೀಲಕ್ಕೆ ಹಾಕಿಕೊಂಡು, ಬಾಗಿಲು ಸರಿಯಾಗಿಯೇ ಇದೆ, ಗೋಡೆಯೇ ಮುಂದಕ್ಕೆ ಬರುತ್ತಿದೆ ಎಂದ. ಹಿಂದಕ್ಕೆ ಹೋಗಿ ನೋಡಿದೆ. ಪೂಜೆಯ ದಿನ ಕನ್ನಡಿಯ ಹಾಗಿದ್ದ ನೀರು ಕೆಂಪು ಕೆಸರಾಗಿ ಬರುತ್ತಿತ್ತು. ಗುಡ್ಡ ಹತ್ತಿದೆ. ಹಲಸಿನ ಮರದ ಆಚೆ ನೆಲ ಬಾಯಿಬಿಟ್ಟಿದೆ ಅಕ್ಕಯ್ಯಾ, ಅಡ್ಡಕ್ಕೆ, ಮನೆಯ ಈ ತುದಿಯಿಂದ ಆ ತುದಿಯವರೆಗೂ. ತರಗೆಲೆ ಸರಿಸಿ ಕೈ ಹಾಕಿದರೆ ಮೊಣಕೈವರೆಗೂ ಹೋಯಿತು, ಒಳಗೆ ತಣ್ಣಗಿತ್ತು. ನಾನು ಅಲ್ಲಿಂದ ಓಡಿ ಇಳಿದೆ. ಕೆಲವು ವರ್ಷಗಳ ಹಿಂದಿನ ಮಳೆಗಾಲದಲ್ಲಿ ನಮ್ಮ ತಾಲೂಕಿನಲ್ಲಿ ಗುಡ್ಡ ಜಾರಿದ್ದನ್ನು ನೀನೂ ಮರೆತಿಲ್ಲ, ನಾನೂ ಮರೆತಿಲ್ಲ.

ಭಾವನ ಹತ್ತಿರ ಹೇಳಿದೆ. ಅವರು ಎಲೆ ಅಡಿಕೆಯ ಕವಳ ಹಾಕುತ್ತಿದ್ದರು. "ಗಂಗೆ ತಾನಾಗೇ ಮನೆಬಾಗ್ಲಿಗೆ ಬಂಜು, ನೀ ಅಪಶಕುನ ಮಾತಾಡಡ. ಯಮ್ಮನೆ ಗುಡ್ಡ ಎಲ್ಲಿಗೂ ಹೋಗ್ತಿಲ್ಲೆ" ಎಂದರು. ನಾನು ಮತ್ತೆ ಬಾಯಿ ತೆರೆದಾಗ, "ಗಿರಾಕಿ ಹತ್ರ ಎಂತದೂ ಹೇಳಡ ಮಾರಾಯ" ಎಂದು ಎದ್ದು ಒಳಗೆ ಹೋದರು. ಅವರು ಕೆಟ್ಟವರಲ್ಲ, ನಿನಗೇ ಗೊತ್ತು. ಪೂಜೆ ಮಾಡಿದ ನೀರಿಗೆ ಹೆದರಿ ಓಡುವುದು ಹೇಗೆ ಎಂಬುದೊಂದೇ ಅವರ ತಲೆಯಲ್ಲಿ. ಪಂಚಾಯ್ತಿಗೆ ಹೋಗಿ ಹೇಳಿ ಬಂದಿದ್ದೇನೆ, ನೋಡಲು ಬರುತ್ತೇವೆ ಎಂದಿದ್ದಾರೆ. ಆದರೆ ಮಳೆ ಈ ಸಲ ಬೇಗ ಎನ್ನುತ್ತಿದ್ದಾರೆ. ನನ್ನ ದಲ್ಲಾಳಿ ಅಂಗಡಿಯಲ್ಲಿ ಕುಳಿತವನು ದಿನಕ್ಕೆ ಹತ್ತು ಸಲ ಎದ್ದು ಬಂದು ಆಕಾಶ ನೋಡುತ್ತೇನೆ. ರಾಜೀವಿ, "ಎಂತಾ ಆಯ್ದು ನಿಂಗೆ?" ಎಂದು ಕೇಳಿದರೆ ಸೆಕೆ ಎನ್ನುತ್ತೇನೆ.

ಅಭಿಜ್ಞಾಳಿಗೆ ಮಾವನ ಆಶೀರ್ವಾದ ಹೇಳು. ಕೂಸಿಗೆ ದೃಷ್ಟಿ ತೆಗೆ. ಅಳಿಯಂದಿರಿಗೆ, ಬೀಗರಿಗೆ ನಮಸ್ಕಾರ. ದೇವರು ಎಲ್ಲರನ್ನೂ ಇರುವಲ್ಲೇ ಚೆನ್ನಾಗಿಟ್ಟಿರಲಿ.

ನಿನ್ನ ತಮ್ಮ,
ಮನೋಹರ

ತಾ.ಕ.: ದರ್ಶನ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಈಗಷ್ಟೇ ಸುಭಾಷ್ ಪೇಡೆ ಹಿಡಿದು ಬಂದಿದ್ದ. ಮಳೆ ಹಿಡಿಯುವ ಮೊದಲೇ ಇರಲಿ ಎಂದು ಭಾವ ಅವನಿಗೆ ಹಿಂದಿನ ಕೋಣೆಗಳ ಕೀಲಿಕೈ ಕೊಟ್ಟಿದ್ದಾರಂತೆ, ಶುಕ್ರವಾರ ಹಾಲು ಉಕ್ಕಿಸುತ್ತಾರಂತೆ. ನೀನೂ ಬಾಣಂತಿಯನ್ನು, ಕೂಸನ್ನು ಕರೆದುಕೊಂಡು ಅಷ್ಟರೊಳಗೆ ಬರುತ್ತೀಯಂತೆ. ನಾನು ತಡೆಯಲಾರದೆ ಬಿರುಕು, ಕೆಸರು ಎಲ್ಲವನ್ನೂ ಹೇಳಿಬಿಟ್ಟೆ. ಅವನು ನನ್ನ ಮುಖ ನೋಡಿ, "ಬ್ಯಾರೆ ಗಿರಾಕಿ ಸಿಕ್ಕಾನಂತ ಹಿಂಗ ಹೆದರ್ಸಾಕತ್ತೀರೇನ್ರಿ?" ಎಂದು ಪೇಡೆ ಅಲ್ಲೇ ಇಟ್ಟು ಹೋದ. ದಲ್ಲಾಳಿ ನಿಜ ಹೇಳಿದರೆ ಯಾರು ನಂಬುತ್ತಾರೆ? ಮನೆ ನಿಮ್ಮಿಬ್ಬರ ಹೆಸರಿನಲ್ಲಿದೆ. ನೀನು ಸಹಿ ಹಾಕಬೇಡ. ಕೊಡುವುದಿಲ್ಲ ಎಂದು ನೀನೇ ಸುಭಾಷನಿಗೆ ಫೋನ್ ಮಾಡು, ನಿನ್ನ ಮಾತಾದರೆ ನಂಬುತ್ತಾನೆ. ಕೂಸನ್ನು ಆ ಮನೆಗೆ ತರಬೇಡ. ಕೂಸಿಗೆ ಹುಷಾರಿಲ್ಲ ಎಂದಾದರೂ ಸುಳ್ಳು ಹೇಳಿ ಭಾವನನ್ನು ಇವತ್ತೇ ಹುಬ್ಬಳ್ಳಿಗೆ ಕರೆಸಿಕೋ. ಇದನ್ನೆಲ್ಲ ಹೇಳಿದ್ದು ನಾನು ಎನ್ನಬೇಡ... ಇಲ್ಲ, ಅಕ್ಕಯ್ಯಾ, ಹೇಳು, ನನ್ನ ಹೆಸರನ್ನೇ ಹೇಳು. ಅವರು ಜನ್ಮವಿಡೀ ನನ್ನನ್ನು ಬೈಯಲಿ, ಹೊರಗೆ ಬಂದು ಬೈಯಲಿ.