ಮುಂದಿನ ಎಡಗಾಲಿ

೩-೬-೧೯೬೬, ಕಾರಹುಣ್ಣಿಮೆ
ಮುಂದಿನ ಎಡಗಾಲಿ ಮತ್ತೆ ಕೂತಿತ್ತು. ನಿನ್ನೆ ಸಂಜೆ ತುಂಬಿಸಿದ ಗಾಳಿ ಬೆಳಗಾಗುವುದರೊಳಗೆ ಪಾರು. ಪಂಪ್ ಹೊಡೆದು ಹೊಡೆದು ರಟ್ಟೆ ಬಿದ್ದುಹೋಯಿತು. ಈ ವಾರವೆಲ್ಲ ಇದೇ ಪೂಜೆ.

ಮಾಸೂರಿನ ತುಂಬ ಎತ್ತಿಗೆ ಬಣ್ಣ, ಗೊಂಡೆ, ಗೆಜ್ಜೆ. ನಮ್ಮ ಕೊಟ್ಟಿಗೆಯಲ್ಲಿ ಟ್ರ್ಯಾಕ್ಟರ್. ಶಿವರಾತ್ರಿ ಮುಂದೆ ಎರಡೂ ಜೋಡಿ ಎತ್ತು ಮಾರಿ ತಂದದ್ದು, ಸೆಕೆಂಡ್‌ಹ್ಯಾಂಡ್. ಹಟ ನನ್ನದು. ಅಣ್ಣ ಹುಚ್ಚಪ್ಪ ಬೇಡ ಅಂದ, ಆಮೇಲೆ ಸುಮ್ಮನಾದ. ಇವತ್ತು ಖಾಲಿ ಗೂಟಗಳ ಹತ್ತಿರ ಬಹಳ ಹೊತ್ತು ನಿಂತಿದ್ದ. ಅತ್ತಿಗೆ ಯಂಕವ್ವ ಹೋಳಿಗೆ ಹಿಡಿದುಕೊಂಡು ಬಂದು ಯಾರ ಬಾಯಿಗೆ ಇಡಲಿ ಎಂದು ಕೇಳಿದಳು. ಟ್ರ್ಯಾಕ್ಟರಿಗೆ ಇಡು ಅಂದೆ, ಚೇಷ್ಟೆಗೆ. ಯಾರೂ ನಗಲಿಲ್ಲ. ನನಗೂ ನಗು ಬರಲಿಲ್ಲ.

೬-೬
ಗಾಲಿ ಬಿಚ್ಚಿದೆ. ಟ್ಯೂಬಿನಲ್ಲಿ ಸೂಜಿಮೊನೆಯಷ್ಟು ತೂತು. ಅರಪೇಪರ್ ಉಜ್ಜಿ, ಸಲೂಶನ್ ಹಚ್ಚಿ, ಪ್ಯಾಚ್ ಒತ್ತಿದೆ. ಪೀಡೆ ಕಳೆಯಿತು.

೮-೬
ಕಳೆದಿಲ್ಲ. ಬೆಳಿಗ್ಗೆ ಮತ್ತೆ ನೆಲಕ್ಕೆ.

ಟ್ಯೂಬ್ ಹೆಗಲಿಗೆ ಹಾಕಿಕೊಂಡು ಮದಗದ ಕಾಲುವೆಗೆ ಹೋದೆ. ಹರಿಯುವ ನೀರಿನಲ್ಲಿ ಮುಳುಗಿಸಿ ಸುತ್ತಲೂ ತಿರುಗಿಸಿ ನೋಡಿದೆ. ಒಂದು ಗುಳ್ಳೆಯೂ ಇಲ್ಲ. ಪ್ಯಾಚ್ ಗಟ್ಟಿ. ವಾಲ್ವಿಗೆ ಸೋಪಿನ ನೊರೆ ಹಚ್ಚಿದೆ, ಅಲ್ಲೂ ಏನಿಲ್ಲ. ತೂತಿಲ್ಲದ ಟ್ಯೂಬಿನಿಂದ ಗಾಳಿ ಹೋಗುತ್ತದೆ ಎಂದರೆ ಏನರ್ಥ? ಬಿತ್ತನೆ ಹದ ಮೀರುತ್ತಿದೆ, ಊರವರೆಲ್ಲ ನೇಗಿಲು ಹೂಡಿ ಮುಗಿಸಿದರು. ನಾನು ದಿನಾ ಮುಂಜಾನೆ ಪಂಪ್ ಹೊಡೆಯುತ್ತ ಕುಳಿತಿರುತ್ತೇನೆ. ಅಣ್ಣ ಬಂದು ನೋಡಿ, ಎತ್ತಿದ್ದರೆ ಇಷ್ಟು ಹೊತ್ತಿಗೆ ಒಂದು ಪಟ್ಟಿ ಮುಗಿದಿರುತ್ತಿತ್ತು ಅಂದ. ಮೆತ್ತಗೇ ಅಂದ. ಮೆತ್ತಗೆ ಅಂದದ್ದೇ ಹೆಚ್ಚು ಚುಚ್ಚಿತು.

೧೨-೬
ಸರೋಜವ್ವನಿಗೆ ಹೇಳಿದೆ. ವಾಲ್ವಿನ ಪಿನ್ನನ್ನು ಉಗುರಿನಿಂದ ಒತ್ತಿ ಹಿಡಿದರೆ ಸಾಕು, ಗಾಳಿ ಹೋಗುತ್ತದೆ, ಗುರುತೂ ಇರುವುದಿಲ್ಲ ಎಂದು. ಯಾರು ಒತ್ತುತ್ತಾರೆ ಅಂದಳು. ನಾನು ಹೆಸರು ಹೇಳಲಿಲ್ಲ. ಅವಳು ಎದ್ದು ಒಳಗೆ ಹೋದಳು, ಬಾಗಿಲು ಸ್ವಲ್ಪ ಜೋರಾಗಿಯೇ ಹಾಕಿದಳು. ಹೆಂಡತಿಗೂ ನಾನೇ ಕೆಟ್ಟವ.

೧೪-೬, ಮುಂಜಾನೆ
ಸಿಕ್ಕ.

ಇನ್ನೂ ಮಬ್ಬು. ಕೊಟ್ಟಿಗೆಯಲ್ಲಿ ಅಣ್ಣ, ಎಡಗಾಲಿಯ ಪಕ್ಕಕ್ಕೇ ಕುಕ್ಕರಗಾಲಿನಲ್ಲಿ. ಗಾಲಿ ಚಪ್ಪಟೆ. ಏನು ಮಾಡಾಕತ್ತಿ ಅಂದೆ. ಕಸ ಬಳಿಯಲು ಬಂದೆ, ರೂಢಿ, ಅಂದ. ಎತ್ತಿಲ್ಲದ ಕೊಟ್ಟಿಗೆಯಲ್ಲಿ ಯಾವ ಕಸ? ಯಾವ ಸಗಣಿ? ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಅಪ್ಪ ಸತ್ತಾಗ ನನಗೆ ಆರು ವರ್ಷ. ಇದೇ ಅಣ್ಣ ಸಾಲಿ ಬಿಟ್ಟು ನೇಗಿಲು ಹಿಡಿದ, ನನ್ನನ್ನು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗುವ ತನಕ ಓದಿಸಿದ. ಅದಕ್ಕೇ ಇಷ್ಟು ಸಂಕಟ. ಬೇರೆಯವರಾಗಿದ್ದರೆ ಆಗಲೇ ಜಗಳ ತೆಗೆದು ಹಗುರಾಗುತ್ತಿದ್ದೆ.

೧೯-೬, ಐತವಾರ
ಆಗಬಾರದ್ದು ಆಗಿಹೋಯಿತು. ಬರೆದಾದರೂ ಇಡುತ್ತೇನೆ.

ಬೆಳಿಗ್ಗೆ ಗಾಲಿ ಮತ್ತೆ ಕೂತಿತ್ತು. ಅಣ್ಣ ಸ್ನಾನ ಮಾಡಿ ದೇವರ ಜಗಲಿ ಮುಂದೆ ಕುಳಿತಿದ್ದ, ಮೈಲಾರಲಿಂಗನ ವಾರ. ಹಿಂದಿನಿಂದ ಹೋಗಿ ನಿಂತೆ. ಗಾಳಿ ಬಿಡುವವನು ನೀನಲ್ಲ ಎಂದು ದೇವರ ಅರಿಶಿನ, ಭಂಡಾರ ಮುಟ್ಟಿ ಹೇಳು ಅಂದೆ. ಮುಟ್ಟುವುದಿಲ್ಲ, ತಪ್ಪು ಒಪ್ಪಿಕೊಂಡು ಅಳುತ್ತಾನೆ, ನಾನೂ ಅತ್ತು ಮುಗಿಸುತ್ತೇನೆ... ಹೀಗೆಲ್ಲ ಲೆಕ್ಕ ಹಾಕಿದ್ದೆ.

ಅತ್ತಿಗೆ ಒಲೆ ಬಿಟ್ಟು ಬಂದಳು. "ತಮ್ಮಾ, ಬ್ಯಾಡೋ. ಅಣ್ಣತಮ್ಮರ ನಡುವ ಆಣಿ ಬಂದ್ರ ಆತು, ಒಬ್ಬರ ಮನಿ ಅನ್ನನೀರು ಒಬ್ಬರು ಮುಟ್ಟಾಕ ಬರಂಗಿಲ್ಲ."

ನನಗೆ ಗೊತ್ತಿರದ ಮಾತೇ ಅದು? ಊರಲ್ಲಿ ಆಣೆಯಾದ ಎರಡು ಮನೆಗಳು ಮೂರು ತಲೆಮಾರಿನಿಂದ ಒಂದು ಬಾವಿಯ ನೀರು ಸೇದಿಲ್ಲ. ಗೊತ್ತಿದ್ದೂ ಸುಮ್ಮನೆ ನಿಂತೆ.

ಅಣ್ಣ ತಿರುಗಿ ನನ್ನನ್ನು ನೋಡಿದ. ಸಿಟ್ಟೇನಿರಲಿಲ್ಲ. "ಕೇಳ್ಯಾನಲ್ಲ, ಹೇಳ್ತೇನಿ" ಅಂದ. ಭಂಡಾರದ ಚೀಲದೊಳಗೆ ಕೈಯಿಟ್ಟ. ನಾನು ಗಾಳಿ ಬಿಟ್ಟಿಲ್ಲ, ಬಿಟ್ಟಿದ್ದರೆ ನನ್ನ ವಂಶ ಹಾಳಾಗಲಿ ಅಂದ. ಮಕ್ಕಳಿಲ್ಲದವನು. ಅವನ ವಂಶ ಎಂದರೆ ನಾನೇ ಅಲ್ಲವೆ?

ಮಧ್ಯಾಹ್ನದೊಳಗೆ ಗಂಡಹೆಂಡತಿ ಹಾಸಿಗೆ, ನಾಲ್ಕು ಪಾತ್ರೆ ತೆಗೆದುಕೊಂಡು ಹೊಲದ ಗುಡಿಸಲಿಗೆ ಹೋದರು. ಅತ್ತಿಗೆ ಅರ್ಧ ಬೆಂದ ಬೇಳೆಯನ್ನು ಹಾಗೇ ಒಲೆಯ ಮೇಲೆ ಬಿಟ್ಟಳು.

೨೦-೬
ಬೆಳಿಗ್ಗೆ ಗಾಲಿ ಕೂತಿದೆ.

ಗುಡಿಸಲಿನಿಂದ ಬಂದು ಬಿಟ್ಟನೆ? ಭಂಡಾರ ಮುಟ್ಟಿದ ಮೇಲೂ?

೨೧-೬
ಕೊಟ್ಟಿಗೆಗೆ ಕೀಲಿ ಹಾಕಿದೆ. ಹೊಸ್ತಿಲಿಗೆ ಅಡ್ಡ ಕಂಬಳಿ ಹಾಸಿ ಮಲಗುತ್ತೇನೆ. ಸರೋಜವ್ವ ನೋಡಿ ದೀಪ ಆರಿಸಿದಳು.

೨೨-೬
ಕೀಲಿ ಹಾಗೇ ಇತ್ತು. ಒಳಗೆ ಹೋದೆ. ಗಾಲಿ ಕೂತಿತ್ತು.

೨-೭
ಹತ್ತು ದಿನ ಪೆನ್ನು ಮುಟ್ಟಲು ಧೈರ್ಯ ಬರಲಿಲ್ಲ. ಟ್ರ್ಯಾಕ್ಟರನ್ನೂ ಮುಟ್ಟಿರಲಿಲ್ಲ. ಇವತ್ತು ಬಿಚ್ಚಿದೆ.

ಕಾಲುವೆಗೆ ಹೋಗಲು ಮನಸ್ಸಿರಲಿಲ್ಲ. ದಾರಿಯಲ್ಲೇ ಗುಡಿಸಲು. ಕೊಟ್ಟಿಗೆಯಲ್ಲಿ ಎತ್ತು ನೀರು ಕುಡಿಯುತ್ತಿದ್ದ ಕಲ್ಲುಡೋಣಿ ಇದೆಯಲ್ಲ, ಅದಕ್ಕೇ ಆರು ಕೊಡ ನೀರು ಸುರಿದೆ. ಟ್ಯೂಬಿಗೆ ಬಿರುಸಾಗಿ ಗಾಳಿ ತುಂಬಿಸಿ ಮುಳುಗಿಸಿ ಹಿಡಿದೆ. ನೀರು ಅಲ್ಲಾಡುವುದು ನಿಂತಿತು. ಹಳೇ ಪ್ಯಾಚಿನ ಅಂಚಿಗೆ, ಒಂದು ಬೆರಳಿನಷ್ಟು ಆಚೆ, ಸಾಸಿವೆಯಷ್ಟು ಗುಳ್ಳೆ ಹುಟ್ಟಿತು. ಬಿಟ್ಟು ಮೇಲೆ ಬಂತು. ಎಷ್ಟೋ ಹೊತ್ತಿನ ಮೇಲೆ ಇನ್ನೊಂದು. ಹರಿಯುವ ನೀರಿನಲ್ಲಿ ಇದನ್ನು ದೇವರೂ ಕಾಣುತ್ತಿರಲಿಲ್ಲ. ನಾನೊಬ್ಬ ಜಾಣ, ಕಾಲುವೆಯಲ್ಲಿ ಹುಡುಕಿ ಇಲ್ಲ ಎಂದು ತೀರ್ಮಾನ ಕೊಟ್ಟವನು.

ಟಾಯರಿನ ಒಳಮೈ ಸವರಿದೆ. ಬೆರಳಿಗೆ ಚುಚ್ಚಿತು. ಜಾಲಿ ಮುಳ್ಳಿನ ಮುರಿದ ತುದಿ, ರಬ್ಬರಿನಲ್ಲಿ ಹೂತು ಕೂತಿದೆ. ಹೊರಗಿನಿಂದ ಕಾಣುವುದಿಲ್ಲ. ಮೇಲೆ ಭಾರ ಬಿದ್ದಾಗ ಮಾತ್ರ ಟ್ಯೂಬಿಗೆ ತಾಗುತ್ತದೆ. ಮೊದಲ ದಿನವೇ ಕೈಯಾಡಿಸಿದ್ದರೆ ಸಿಗುತ್ತಿತ್ತು.

ಬೆರಳಲ್ಲಿ ರಕ್ತ. ಡೋಣಿಯ ಪಕ್ಕ ಕುಳಿತು ಅತ್ತೆ. ಸರೋಜವ್ವ ಬಂದು ಮುಳ್ಳು ನೋಡಿದಳು, ನನ್ನ ಮುಖ ನೋಡಿದಳು. "ಹೋಗಿ ಹೇಳ್ರಿ" ಅಂದಳು, ಅಷ್ಟೇ.

೫-೭
ಹೋಗಲಿಲ್ಲ. ಏನು ಮುಖ ಹೊತ್ತು ಹೋಗಲಿ. ಮುಳ್ಳು ಕಿತ್ತು, ಹೊಸ ತೂತಿಗೆ ಪ್ಯಾಚ್ ಹಾಕಿದ ಮೇಲೆ ಗಾಲಿ ಕಲ್ಲಿನಂತೆ ನಿಂತಿದೆ, ಅದನ್ನು ನೋಡಲೂ ಆಗುತ್ತಿಲ್ಲ.

೧೦-೭
ಹೋದೆ. ಅಣ್ಣ ಗುಡಿಸಲ ಮುಂದೆ ಹಗ್ಗ ಹೊಸೆಯುತ್ತಿದ್ದ. ಮುಳ್ಳನ್ನು ಅಂಗೈಯಲ್ಲಿಟ್ಟು ತೋರಿಸಿದೆ. ನೋಡಿದ. ತಗದಿಯಲ್ಲ, ಛಲೋ ಆತು ಅಂದ. ಬಿತ್ತನೆ ಎಷ್ಟು ಉಳಿದಿದೆ ಎಂದು ಕೇಳಿದ. ಬೈದಿದ್ದರೆ ಬದುಕುತ್ತಿದ್ದೆ.

ಕಾಲಿಗೆ ಬಿದ್ದೆ. ಮೈಲಾರಕ್ಕೆ ಹೋಗಿ ಆಣೆ ಬಿಡಿಸಿಕೊಂಡು ಬರೋಣ, ಖರ್ಚು, ಕಾಣಿಕೆ, ದಂಡ ಏನಿದ್ದರೂ ನನ್ನದು ಅಂದೆ. ಎಬ್ಬಿಸಿ ಕೂರಿಸಿದ. ಬಹಳ ಹೊತ್ತು ಹಗ್ಗ ಹೊಸೆದ.

"ದೇವ್ರು ಬಿಡ್ತಾನ ಗುದ್ಲ್ಯಾ. ನನಗ ಬಿಡಾಕ ಬರವಲ್ದು" ಅಂದ, ಸಣ್ಣವನಿದ್ದಾಗ ನನ್ನನ್ನು ಕರೆಯುತ್ತಿದ್ದ ಹೆಸರು ಹಿಡಿದು.

ಅತ್ತಿಗೆ ರೂಢಿಯಂತೆ ತಂಬಿಗೆ ನೀರು ತಂದಳು. ಅರ್ಧ ದಾರಿಯಲ್ಲಿ ನೆನಪಾಗಿ ನಿಂತಳು. ತಿರುಗಿ ಒಳಗೆ ಹೋದಳು. ನೀರಡಿಸಿಯೇ ಮನೆಗೆ ಬಂದೆ.

೧೭-೮
ಇವತ್ತು ಹೋದರು. ತಡಸಕ್ಕೆ, ಅತ್ತಿಗೆಯ ತವರಿಗೆ. ಈ ವರ್ಷ ಅಧಿಕ ಶ್ರಾವಣ ಬಂದು ಪಂಚಮಿ ತಡ. ಹೆಣ್ಣುಮಕ್ಕಳೆಲ್ಲ ತವರಿಗೆ ಹೊರಟ ದಿನಗಳು, ಊರವರು ಹಬ್ಬಕ್ಕೆ ಹೊರಟರು ಅಂದುಕೊಂಡರು. ಗಂಗಾಳ, ಬೀಸುವ ಕಲ್ಲು, ಹಾಸಿಗೆ ಎಲ್ಲ ಚಕ್ಕಡಿಯಲ್ಲಿ. ಹಬ್ಬಕ್ಕೆ ಯಾರು ಬೀಸುವ ಕಲ್ಲು ಒಯ್ಯುತ್ತಾರೆ? ತನ್ನ ಪಾಲಿನ ಗದ್ದೆಯನ್ನು ಬೇರೆಯವರಿಗೆ ಲಾವಣಿಗೆ ಹಚ್ಚಿದ್ದಾನೆ, ಗೇಣಿಗೆ.

ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿ ಹೋಗಿದ್ದೆ. ಗಾಡಿ ಹೇಳೇನಿ ಅಂದ. ಬಾಡಿಗೆ ಚಕ್ಕಡಿ, ಪರರ ಎತ್ತು. ಎತ್ತಿನ ಬೆನ್ನು ಸವರಿ ಹತ್ತಿ ಕುಳಿತ.

ಕೆರೆ ಏರಿ ದಾಟುವಷ್ಟರಲ್ಲಿ ಮಳೆ. ಚಕ್ಕಡಿಗೆ ಕಮಾನಿಲ್ಲ. ಟ್ರೇಲರಿನ ತಾಡಪತ್ರಿ ಕಿತ್ತುಕೊಂಡು ಓಡಿದೆ, ಅಂಚು ಮೊಳೆಗೆ ಸಿಕ್ಕಿ ಪರ್ರನೆ ಹರಿಯಿತು. ಅಣ್ಣ ಗಾಡಿ ನಿಲ್ಲಿಸಿದ. ಅನ್ನವಲ್ಲ, ನೀರಲ್ಲ, ಅರಿವೆ. ತೆಗೆದುಕೊಳ್ಳಬಹುದು. ಕೈ ಚಾಚಿ ತೆಗೆದುಕೊಂಡ. ಅತ್ತಿಗೆಯ ಮೇಲೆ ಹೊದಿಸಿದ. "ಮನಿಗೆ ಹೋಗು, ನೆನಿಬ್ಯಾಡ" ಅಂದ, ನಾನು ಸಾಲಿಗೆ ಹೋಗುವಾಗ ಅನ್ನುತ್ತಿದ್ದ ಹಾಗೆಯೇ.

ಮನೆಗೆ ಬಂದು ಸರೋಜವ್ವನಿಗೆ ಹೇಳಿದೆ: ತಾಡಪತ್ರಿ ಕೊಡಲಿಕ್ಕಾದರೂ ಒಮ್ಮೆ ಬರುತ್ತಾನೆ. ಹೂಂ ಅಂದಳು.

೨೧-೮, ಪಂಚಮಿ
ಸರೋಜವ್ವ ಉಂಡೆ ಕಟ್ಟಿದ್ದಾಳೆ. ತಿನ್ನುವವರಿಲ್ಲ. ಸಂಜೆಯ ತನಕ ಏರಿಯ ಮೇಲೆ ಕುಳಿತಿದ್ದೆ.

೨೬-೮
ಚಕ್ಕಡಿಯವನು ಬಂದಿದ್ದ. ತಾಡಪತ್ರಿ ಅವನ ಕೈಯಲ್ಲೇ ಕಳಿಸಿದ್ದಾರೆ. ಒಣಗಿಸಿ, ನೀಟಾಗಿ ಮಡಿಚಿ, ಹಗ್ಗ ಕಟ್ಟಿ. ಅಣ್ಣ ಏನಾದರೂ ಹೇಳಿದನೇನು ಎಂದು ಕೇಳಿದೆ. ಏನಿಲ್ಲರಿ, ಮುಟ್ಟಿಸು ಅಂದ್ರು ಅಂದ.

ಬಿಚ್ಚಿ ಅಂಗಳದಲ್ಲಿ ಹರಡಿದೆ. ಹರಿದಿದ್ದ ಅಂಚಿಗೆ ಹೊಲಿಗೆ ಬಿದ್ದಿದೆ. ಒತ್ತೊತ್ತಾಗಿ, ಎರಡೆಳೆ ದಾರ, ಅತ್ತಿಗೆಯ ಕೈ. ನನ್ನದೊಂದು ಹರಕನ್ನೂ ಇಟ್ಟುಕೊಂಡಿಲ್ಲ. ಇನ್ನು ಅವರು ಬರಲಿಕ್ಕೆ ಈ ಮನೆಯಲ್ಲಿ ಯಾವ ನೆಪವೂ ಉಳಿದಿಲ್ಲ.