ನಿಮ್ಮ ಪಾಸ್‌ವರ್ಡ್ ಏನಾಗಿತ್ತು, ಸುಮಕ್ಕಾ?

ಸುಮಕ್ಕಾ, ನನ್ನ ಪ್ರೀತಿಯ ಅಕ್ಕಾ,

ಮೊದಲು ಸಿಹಿ ಸುದ್ದಿ. ನನ್ನ ಮದುವೆ ಆಯಿತು! ಯಾರ ಜೊತೆ ಗೊತ್ತೇ? ಕುರ್ಚಿ ಗಟ್ಟಿಯಾಗಿ ಹಿಡಿದುಕೊಳ್ಳಿ. ಗಿರೀಶ! ನಾನು ಬರೆದ ಪ್ರತಿಯೊಂದು ಪ್ರೋಗ್ರಾಮನ್ನೂ ಪರೀಕ್ಷಿಸಿ, ತಪ್ಪು ಹುಡುಕಿ, ನನ್ನನ್ನು ಅಳಿಸುತ್ತಿದ್ದ ಅದೇ ಗಿರೀಶ. “ಇಂವನ್ನ ಮಾಡ್ಕೊಂಡಾಕಿ ಗತಿ ಏನವಾ! ಸಾರಿಗೆ ಉಪ್ಪು ಹೆಚ್ಚಾತಂದ್ರ ಅದಕ್ಕೂ ರಿಪೋರ್ಟ್ ಬರದು ಕಳಸ್ತಾನ” ಎಂದು ನೀವೇ ನಕ್ಕಿದ್ದಿರಲ್ಲ, ಆ ಗತಿ ನನ್ನದೇ ಆಯಿತು. ಎಷ್ಟು ಖುಷಿಯಾಗಿದ್ದೇನೆಂದರೆ ನನಗೇ ನಾಚಿಕೆ! ಅತ್ತೆಯ ಮುಂದೆ ಹೆಸರು ಹಿಡಿದು ಕರೆಯದೆ ಅಭ್ಯಾಸವಾಗಿ, ಮೊನ್ನೆ ಮೀಟಿಂಗಿನಲ್ಲಿ “ಏನ್ರೀ, ಸ್ವಲ್ಪ ಇಲ್ಲಿ ಬರ್ರಿ” ಎಂದು ರಾಗವಾಗಿ ಕರೆದುಬಿಟ್ಟೆ. “ಏ ಗಿರ್ಯಾ” ಎನ್ನುತ್ತಿದ್ದವಳು! ಇಡೀ ಆಫೀಸು ಮೇಜು ಬಡಿದು ನಕ್ಕಿತು. ನಿಮ್ಮ ನಗು ಒಂದೇ ಇರಲಿಲ್ಲ.

ನೆನಪಿದೆಯೇ, ರಾಯಾಪುರದ ನಮ್ಮ ಆಫೀಸಿನ ಆ ಶಾಸ್ತ್ರ? ಮೊಬೈಲಿನ ಅಪ್ಲಿಕೇಶನ್ ಸಿದ್ಧವಾದ ದಿನ ನೀವು ಚಪ್ಪಾಳೆ ತಟ್ಟಿ, “ಎಲ್ಲಾರೂ ಗೋಡಿ ಕಡೆ ತಿರಗ್ರಿ!” ಎನ್ನುತ್ತಿದ್ದಿರಿ. ಆ ಅಪ್ಲಿಕೇಶನ್ ಮೇಲೆ ನಮ್ಮ ಕಂಪನಿಯ ಡಿಜಿಟಲ್ ಮುದ್ರೆ ಬೀಳಬೇಕು. ಮುದ್ರೆಗೆ ಪಾಸ್‌ವರ್ಡ್ ಬೇಕು. ಅದು ನಿಮಗೊಬ್ಬರಿಗೇ ಗೊತ್ತು. ನಾವೆಲ್ಲ ಕುರ್ಚಿ ತಿರುಗಿಸಿಕೊಂಡು ನಿಮ್ಮ ಬೆರಳುಗಳ ಟಕಟಕ ಕೇಳುತ್ತ ಕೂಡುತ್ತಿದ್ದೆವು. ಆಮೇಲೆ ನಿಮ್ಮ ಲೆಕ್ಕದಲ್ಲಿ ಎಲ್ಲರಿಗೂ ತಿನ್ನಲು ಗಿರ್ಮಿಟ್, ಬಿಸಿ ಮಿರ್ಚಿ. ಎಷ್ಟು ಪ್ರಾಮಾಣಿಕರಾಗಿದ್ದೆವು ಅಕ್ಕಾ! ಒಬ್ಬರಾದರೂ, ಒಮ್ಮೆಯಾದರೂ ಕತ್ತು ಹೊರಳಿಸಿ ನೋಡಬಾರದಿತ್ತೇ?

ಆ ಮಂಗಳವಾರ ತಲೆನೋವೆಂದು ನೀವು ಬೇಗ ಎದ್ದಿರಿ. ಬಾಗಿಲಲ್ಲಿ ನಿಂತು, “ನಾಳೆ ನಿನಗ ಪಾಸ್‌ವರ್ಡ್ ಹೇಳಿಬಿಡ್ತೇನಿ ಪಲ್ಲವಿ. ಮುಂದಿನ ಸಲ ನೀನ ಎಲ್ಲಾರ್ನೂ ಗೋಡಿಗೆ ತಿರಗಸು” ಎಂದಿರಿ. ನಾನು ಕುಣಿದಾಡಿದೆ. ಬೆಳಗಾದರೆ ಸುದ್ದಿ: ಮೆದುಳಿನಲ್ಲಿ ರಕ್ತಸ್ರಾವ, ಆಸ್ಪತ್ರೆ ಮುಟ್ಟುವ ಮೊದಲೇ...

ಕೆಲಗೇರಿಯ ಮಹಾದೇವಿಯವರನ್ನು ನೀವು ಮರೆತಿರಲಿಕ್ಕಿಲ್ಲ, ನಮ್ಮ ಲಸಿಕೆ ಅಪ್ಲಿಕೇಶನ್ ಬಳಸುವ ಆರೋಗ್ಯ ಕಾರ್ಯಕರ್ತೆ. ಯಾವ ಮಗುವಿಗೆ ಯಾವ ಲಸಿಕೆ ಆಗಿದೆ, ಮುಂದಿನದು ಯಾವಾಗ, ಎಲ್ಲವೂ ಅವರಂಥವರ ಫೋನಿನೊಳಗೆ ಮಾತ್ರ ಇದೆ. ಒಂದು ಫೋನು ನೀರಿಗೆ ಬಿದ್ದರೆ ಒಂದು ಊರಿನ ಮಕ್ಕಳ ಲೆಕ್ಕವೇ ಹೋದಂತೆ. ಆ ಮಾಹಿತಿಯನ್ನು ಆಸ್ಪತ್ರೆಯ ಕಂಪ್ಯೂಟರಿಗೆ ಕಳಿಸುವ ಹೊಸ ಆವೃತ್ತಿ ನೀವು ಹೋದ ಮೇಲೆ ಮುಗಿಯಿತು. ಚೆನ್ನಾಗಿದೆ ಅಕ್ಕಾ, ಗಿರೀಶನಿಗೂ ತಪ್ಪು ಸಿಗಲಿಲ್ಲ! ಆದರೆ ಅದರ ಮೇಲೆ ಹಳೆಯ ಮುದ್ರೆಯೇ ಇಲ್ಲದಿದ್ದರೆ ಫೋನು ಅದನ್ನು ಯಾರೋ ಹೊರಗಿನವರೆಂದು ತಿಳಿದು ಹಳೆಯ ಮಾಹಿತಿಯನ್ನು ಮುಟ್ಟಲು ಬಿಡುವುದಿಲ್ಲ.

ನಿಮ್ಮ ಕುರ್ಚಿಯಲ್ಲಿ ಕುಳಿತು ಊಹಿಸತೊಡಗಿದೆ. “ಪಾಸ್‌ವರ್ಡ್ ಅಂದ್ರ ನಮಗ ಮರೀಲಾರದ್ದು, ಮಂದಿಗೆ ಹೇಳಲಾರದ್ದು ಇರಬೇಕವಾ” ಎಂದು ನೀವೇ ಕಲಿಸಿದ್ದು. ನಿಮ್ಮ ಅವ್ವನ ಹೆಸರು ಹಾಕಿದೆ. ಸ್ಕೂಟಿಯ ನಂಬರು ಹಾಕಿದೆ. ಗಿರ್ಮಿಟ್ ಎಂದೂ ಹಾಕಿದೆ, ನಗಬೇಡಿ.

“ಅಕ್ಕಾರು ನಿನ್ನಂಗ ಸರಳ ಇಡೋರಲ್ಲ” ಎಂದ ಗಿರೀಶ.

“ಅಂದ್ರ? ನನ್ನ ಪಾಸ್‌ವರ್ಡ್ ಸರಳ ಐತೇನು?”

“ನನ್ನ ಹೆಸರ ಐತಲ್ಲ. ನಮ್ಮ ಚಹಾದಂವಗೂ ಗೊತ್ತೈತಿ.”

ನಕ್ಕೆವು. ಆಮೇಲೆ ನನಗೆ ಅಳು ಬಂತು. ದಿನವಿಡೀ ನಿಮ್ಮ ಪಕ್ಕದಲ್ಲೇ ಕುಳಿತು, ನಿಮ್ಮ ಡಬ್ಬಿಯಲ್ಲೇ ಉಂಡು, ನನ್ನ ಹಾಡೆಲ್ಲ ಹಾಡಿದವಳು ನಾನು. ನಿಮ್ಮ ಮನಸ್ಸಿನಲ್ಲಿ ಮರೆಯಲಾರದ್ದು ಏನಿತ್ತು? ಒಂದು ಸಲವಾದರೂ ಕೇಳಿದ್ದೆನೇ?

ಮದುವೆಯ ನಂತರ ಕಮರಿಪೇಟೆಯ ನಿಮ್ಮ ಮನೆಗೆ ಹೋದೆ. ನಿಮ್ಮ ಅವ್ವ ಉಡಿ ತುಂಬಿದರು. ಬಂದ ಕೆಲಸ ಹೇಳಲು ಬಾಯಿಯೇ ಬರಲಿಲ್ಲ, ಹೇಗೋ ಹೇಳಿದೆ. ಅವರು ಬಹಳ ಹೊತ್ತು ನನ್ನ ಹೊಸ ಬಳೆಗಳನ್ನೇ ನೋಡುತ್ತ ಕುಳಿತರು.

“ಅಕಿ ಮನಸಿನ್ಯಾಗ ಏನಿತ್ತಂತ ನನಗರ ಯಾವಾಗ ಹೇಳ್ಯಾಳವಾ? ಬಂದ್ಲು, ಉಂಡ್ಲು, ಮಕ್ಕೊಂಡ್ಲು. ‘ದಣದೇನಿ ಬೇ’ ಅಂದ್ರ ನಾನೂ ಸುಮ್ನಾಕ್ಕಿದ್ದೆ.” ನಂತರ ನನ್ನ ಕೈ ಹಿಡಿದುಕೊಂಡರು. “ಅದು ಸಿಕ್ಕರ ನನಗೂ ಹೇಳವಾ. ಅಕಿ ಏನ ಮರೀಲಾರದಂಗ ಇಟ್ಕೊಂಡಿದ್ಲೋ, ನನಗೂ ತಿಳೀಲಿ.”

ಸಿಗಲಿಲ್ಲ ಅಕ್ಕಾ. ಕೊನೆಗೆ ನಮ್ಮ ಸರ್, “ಸಾಕ್ರಿ ಇನ್ನ, ಹೊಸಾ ಮುದ್ರಿ ಮಾಡ್ರಿ” ಎಂದರು. ಈಗಿನ ಪಾಸ್‌ವರ್ಡ್ ಇಬ್ಬರಿಗೆ ಗೊತ್ತು. ಯಾರೂ ಗೋಡೆಯ ಕಡೆ ತಿರುಗುವುದಿಲ್ಲ. ಹಳೆಯ ಮಾಹಿತಿಯನ್ನು ಕಣ್ಣಿಂದ ಓದಿ ಕೈಯಿಂದ ತುಂಬುವುದೊಂದೇ ದಾರಿ. ನಾನೂ ಗಿರೀಶನೂ ಬೈಕಿನ ಮೇಲೆ ಊರೂರು ಸುತ್ತಿದೆವು. “ಛಲೋ ಹನಿಮೂನ್ ನಡಸೀರಿ” ಎಂದರು ಅತ್ತೆ. ಮಹಾದೇವಿಯವರು ಒಂದೊಂದೇ ಮಗುವಿನ ಹೆಸರು ಓದಿದರು, ನಾನು ಲ್ಯಾಪ್‌ಟಾಪಿನಲ್ಲಿ ಬರೆದುಕೊಂಡೆ. ಅವರ ಪುಟ್ಟ ಫೋನಿನಲ್ಲಿ ಹಳೆಯ, ಹೊಸ ಅಪ್ಲಿಕೇಶನ್ ಎರಡಕ್ಕೂ ಜಾಗವಿರಲಿಲ್ಲ.

“ಇದು ಆ ಅಕ್ಕಾರ ಮಾಡಿದ್ದಲ್ಲೇನ್ರಿ? ತಗೀಲೇಬೇಕೇನ್ರಿ?” ಎಂದು ಕೇಳಿದರು.

ತೆಗೆಯಲೇಬೇಕಿತ್ತು. ಅಳಿಸುವ ಗುಂಡಿಯನ್ನು ನಾನೇ ಒತ್ತಿದೆ. ಹೀಗೆ ಒಂದೊಂದೇ ಫೋನು. ಹೋದ ವಾರ ಕೊನೆಯದೂ ಆಯಿತು. ಇನ್ನು ನಿಮ್ಮ ಪಾಸ್‌ವರ್ಡ್ ಯಾರಿಗೂ, ಯಾವ ಕೆಲಸಕ್ಕೂ...

ಆದರೆ ಅವ್ವ ದಿನಾ ಸಂಜೆ ನನಗೆ ಫೋನ್ ಮಾಡುತ್ತಾರೆ, ನಿಮ್ಮದೇ ಮೊಬೈಲಿನಿಂದ. ಪರದೆಯ ಮೇಲೆ ಪ್ರತಿ ಸಲ ನಿಮ್ಮ ಹೆಸರೇ ಬರುತ್ತದೆ. “ಪಲ್ಲವಿ, ಓಣ್ಯಾಗ ಒಂದು ಆಕಳ ಕರಾ ಇತ್ತವಾ, ಗೌರಿ ಅಂತ. ಅಕಿ ತನ್ನ ರೊಟ್ಟಿ ಅದಕ್ಕ ಹಾಕಿ ಬರ್ತಿದ್ಲು. ಅದನ್ನ ಹಾಕಿ ನೋಡು.” ಕೆಲಸ ಮುಗಿದಿದೆ, ಇನ್ನು ಬೇಕಾಗಿಲ್ಲ ಎಂದು ಹೇಗೆ ಹೇಳಲಿ? ನಿಮ್ಮ ಮುದ್ರೆಯ ಫೈಲನ್ನು ಸರ್‌ಗೆ ಕೇಳಿ ನನ್ನ ಬಳಿಯೇ ಇಟ್ಟುಕೊಂಡಿದ್ದೇನೆ. ಅವ್ವ ಹೇಳಿದ್ದನ್ನೆಲ್ಲ ನಿಜವಾಗಿಯೂ ಹಾಕಿ ನೋಡುತ್ತೇನೆ.

ನಿನ್ನೆ ಹೇಳಿದ್ದು ರೇಣುಕಾ ಎಂಬ ಹೆಸರು. ಶಾಲೆಯ ಗೆಳತಿಯಂತೆ, ಅವಳು ಊರು ಬಿಟ್ಟು ಹೋದ ದಿನ ನೀವು ಉಣ್ಣಲಿಲ್ಲವಂತೆ. ಅವ್ವ ಫೋನಿನಲ್ಲಿ ಕಾಯುತ್ತಿರುವಾಗಲೇ ಟೈಪ್ ಮಾಡಿದೆ.

“ಅದಲ್ಲರೀ ಅವ್ವಾರ.”

“ಹಂಗಾರ ನಾಳೆ ಇನ್ನೊಂದು ನೆನಪ ಮಾಡ್ಕೊಂಡು ಹೇಳ್ತೇನಿ ತಗೋ” ಎಂದರು.

ಹೇಳಲಿ ಅಕ್ಕಾ. ನಾನು ಫೋನ್ ಎತ್ತುತ್ತೇನೆ.

ನಿಮ್ಮ
ಪಲ್ಲವಿ