ಎರಡನೆಯ ಸಲ ಉಜ್ಜಿದ ತುಂಡು

ಮಾರ್ಚ್ 4, 2019. ಬೆಳಿಗ್ಗೆ

1987ರ ಮಾರ್ಚ್ 12ರಂದು ಒಂದು ಸುಳ್ಳಿಗೆ ಸಹಿ ಹಾಕಿದೆ. ಮೂವತ್ತೆರಡು ವರ್ಷ ಇದನ್ನು ಎಲ್ಲೂ ಬರೆದಿರಲಿಲ್ಲ.

ಎಂದಿನಂತೆ ಕಾಫಿ, ಮೆಟ್ಟಿಲ ಮೇಲಿನ ಹಿಮ, ಅಂಚೆ. ಅಂಚೆಯಲ್ಲಿ ನಮ್ಮ ಉಕ್ಕಿನ ಕಾರ್ಖಾನೆಯ ನೂರು ವರ್ಷದ ಪುಸ್ತಕ. ಪುಟ 61: ‘1988ರಲ್ಲಿ ಕ್ರೇನ್ ಚಾಲಕ ಆಲ್ರಿಕ್ ಸುಂಡೆಲಿನ್ ಮಿತಿಮೀರಿ ಭಾರ ಎತ್ತಿದ್ದರಿಂದ ಕೊಕ್ಕೆ ಮುರಿದು ಒಬ್ಬ ಕಾರ್ಮಿಕ ಮೃತಪಟ್ಟ.’ ಸತ್ತವನ ಹೆಸರೂ ಇಲ್ಲ. ಎವರ್ಟ್. ಇಪ್ಪತ್ತೊಂಬತ್ತು ವರ್ಷ.

ಕೊಕ್ಕೆಯ ಉಕ್ಕು ನಮ್ಮದೇ. ಲ್ಯಾಬಿನಲ್ಲಿ ಪರೀಕ್ಷಿಸಿದವನು ನಾನು.

ಮಾರ್ಚ್ 5

ನಡೆದದ್ದು ನಡೆದ ಹಾಗೆ. ಉಕ್ಕು ಗಟ್ಟಿಯಾದಷ್ಟೂ ಒಳಗೆ ಸಿಕ್ಕಿಕೊಂಡ ಕೊಳೆಯ ಕಣಗಳನ್ನು ಸಹಿಸದು. ಕೊಕ್ಕೆಗೆಂದು ಮಾಡಿದ ಉಕ್ಕಿನ ಉಗುರಿನಷ್ಟು ತುಂಡನ್ನು ಕನ್ನಡಿಯಾಗುವಂತೆ ಉಜ್ಜಿ ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಕಪ್ಪು ಚುಕ್ಕೆಗಳು, ಇರುವೆ ಸಾಲಿನ ಹಾಗೆ. ಒಂದೊಂದೂ ಕೂದಲೆಳೆಗಿಂತ ಸಣ್ಣದು. ಭಾರ ಎಳೆದಾಗ ಪ್ರತಿ ಕಣದ ಸುತ್ತ ತೂತು, ತೂತಿಗೆ ತೂತು ಸೇರಿ ಬಿರುಕು... ಆಮೇಲೆ ಬಾಗುವುದೂ ಇಲ್ಲ, ಪಟ್ ಎಂದು ಮುರಿಯುತ್ತದೆ.

ಲ್ಯಾಬಿನ ಮುಖ್ಯಸ್ಥ ಓರ್ನ್ ಕಣ್ಣಿಟ್ಟು ನೋಡಿದ. ‘ಅದು ಉಜ್ಜಿದ ಪುಡಿ ಕಣಯ್ಯಾ ಸಿಗ್ವಾರ್ಡ್. ಇನ್ನೊಂದ್ಸಲ ಉಜ್ಜು.’

ಲ್ಯಾಬಿನ ಗಾದೆಯೇ ಇತ್ತು: ಮೊದಲ ಉಜ್ಜು ಕಣ್ಣಿಗೆ, ಎರಡನೆಯದು ಕಾಗದಕ್ಕೆ. ಕಂಡದ್ದರಲ್ಲಿ ಕೆಟ್ಟದ್ದನ್ನೇ ಬರೆಯಬೇಕೆಂಬುದು ನಿಯಮ. ಆದರೂ ಮತ್ತೆ ಉಜ್ಜಿದೆ, ಸಾಲು ಸವೆಯಿತು, ‘ಶುದ್ಧ’ ಎಂದು ಬರೆದೆ.

ಪುಡಿಯೆಂದು ನಂಬಿದ್ದೆ ಅನ್ನಬಹುದಿತ್ತು. ಆದರೆ ಓರ್ನ್‌ನನ್ನು ಕರೆಯುವ ಮೊದಲೇ ಸ್ಪಿರಿಟ್‌ನಲ್ಲಿ ಎರಡು ಸಲ ತೊಳೆದಿದ್ದೆ. ಪುಡಿಯಾಗಿದ್ದರೆ ಹೋಗುತ್ತಿತ್ತು. ಗೊತ್ತಿತ್ತು. ಫೋಟೋ ಕೂಡ ತೆಗೆದಿದ್ದೆ — ಡ್ರಾಯರಿನಲ್ಲಿದೆ.

ಮರುವರ್ಷ ಕೊಕ್ಕೆ ಮುರಿದಾಗ ವಿಚಾರಣೆಯವರು ನನ್ನ ಕಾಗದ ನೋಡಿದರು. ಉಕ್ಕು ಶುದ್ಧ. ಹಾಗಾದರೆ ತಪ್ಪು ಚಾಲಕನದೇ.

ಮಾರ್ಚ್ 9

ವೃದ್ಧಾಶ್ರಮಕ್ಕೆ ಹೋದೆ. ಆಲ್ರಿಕ್‌ಗೆ ಎಂಬತ್ತೊಂದು. ದಾಲ್ಚಿನ್ನಿ ಬನ್ನು ಒಯ್ದಿದ್ದೆ. ಹೇಳಿಯೇ ಬಿಡಬೇಕೆಂದು ಹೊರಟವನು.

‘ಪತ್ರಿಕೆಗೆ ಈ ಸಲ ಯಾರ ಮೇಲೆ ಬರೀತಿದ್ದೀಯೋ?’ ಎಂದು ನಕ್ಕ. ನದಿಗೆ ಬಿಟ್ಟ ಎಣ್ಣೆ, ಮುಚ್ಚಿದ ಗ್ರಂಥಾಲಯ, ತಪ್ಪು ಹೆಸರಿನ ಬೀದಿ ಫಲಕ... ಎಲ್ಲದಕ್ಕೂ ಪತ್ರಿಕೆಗೆ ಬರೆದು ಊರನ್ನು ಬೈದವನು ನಾನು.

ಪುಟ 61 ಅವನೂ ಓದಿದ್ದ. ‘ತೂಕ ಎರಡು ಸಲ ನೋಡಿದ್ದೆ ಅಂತ ನೆನಪು. ಆದ್ರೆ ಎಲ್ರೂ ಹೇಳ್ತಾರಲ್ಲ... ನನ್ನ ನೆನಪೇ ಸುಳ್ಳಿರ್ಬೇಕು ಬಿಡು. ಎವರ್ಟ್ ದಿನಾ ಕಣ್ಣಿಗೆ ಬರ್ತಾನೆ.’

ಬನ್ನು ತಿಂದೆ. ಎದ್ದು ಬಂದೆ.

ಮಾರ್ಚ್ 28

ಹತ್ತೊಂಬತ್ತು ದಿನ ಏನೂ ಬರೆದಿಲ್ಲ. ಪತ್ರಿಕೆಗೆ ಆರು ಕಾಗದ ಶುರುಮಾಡಿ ಹರಿದೆ. ಆರರಲ್ಲೂ ಓರ್ನ್ ಇದ್ದ, ನಾನಿರಲಿಲ್ಲ.

ಇಂದು ಆಲ್ರಿಕ್ ಮುಂದೆ ಫೋಟೋ ಇಟ್ಟು ಹೇಳಿದೆ. ಬಹಳ ಹೊತ್ತು ನೋಡಿದ. ‘ಇಷ್ಟು ಸಣ್ಣದಾ?’ ಎಂದ. ಆಮೇಲೆ, ನನ್ನ ಮುಖ ನೋಡದೆ, ‘ನಂಗೊಬ್ಬನಿಗೆ ಹೇಳಿದ್ರೆ ಆಯ್ತಾ?’

ಮಾರ್ಚ್ 29, ಮಧ್ಯಾಹ್ನ 3

ನಾಲ್ಕಕ್ಕೆ ಸಭಾಭವನದಲ್ಲಿ ನೂರು ವರ್ಷದ ಸಮಾರಂಭ. ಆಲ್ರಿಕ್‌ನ ಗಾಲಿಕುರ್ಚಿ ನಾನೇ ತಳ್ಳಿಕೊಂಡು ಹೋಗುತ್ತೇನೆ. ಪುಸ್ತಕ ತಂದ ಕಾರ್ಖಾನೆಯವರನ್ನು ಕೇಳಬೇಕಾದ್ದು ಇಲ್ಲಿ ಬರೆದಿಡುತ್ತೇನೆ, ಅಲ್ಲಿ ನಿಂತು ಓದಲು:

ಪುಟ 61 ಯಾವ ಕಾಗದ ನೋಡಿ ಬರೆದಿರಿ? ಮುರಿದ ಕೊಕ್ಕೆಯನ್ನು ಒಬ್ಬರಾದರೂ ಕತ್ತರಿಸಿ ನೋಡಿದಿರಾ? ಇಲ್ಲೇ, ಎಲ್ಲರೆದುರು, ಆಲ್ರಿಕ್‌ನ ಮುಖ ನೋಡಿ ಉತ್ತರಿಸಿ. ಮೊದಲ ಉತ್ತರ ನನ್ನದು — ಉಕ್ಕು ‘ಶುದ್ಧ’ ಎಂದ ಆ ಕಾಗದದ ಕೆಳಗಿರುವ ಸಹಿಯೂ ನನ್ನದೇ.